ಅಂಕಿ ಇಳಿದರೆ ಹಿಗ್ಗಬೇಡಿ

2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಗೆ ವರದಿಯಾಗುವ ಲೈಂಗಿಕ ರೋಗಗಳ ಸಂಖ್ಯೆ ಧಡಾರನೆ ಕುಸಿಯಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ದಿನಗಳವು. ಹೊಸ ಸಂಗಾತಿ ಸಿಗದಿದ್ದರೆ ಹೊಸ ಸೋಂಕು ಎಲ್ಲಿಂದ ಬರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ವರ್ಷ ಮುಗಿದು ಲೆಕ್ಕ ಕೂಡಿಸಿದಾಗ ಕಂಡ ಚಿತ್ರವೇ ಬೇರೆ. 2019ಕ್ಕೆ ಹೋಲಿಸಿದರೆ ಗೊನೋರಿಯಾ ಶೇ 10ರಷ್ಟು, ಆರಂಭದ ಹಂತದ ಸಿಫಿಲಿಸ್ ಶೇ 7ರಷ್ಟು ಹೆಚ್ಚಿತ್ತು. ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ದಾಟುವ ಸಿಫಿಲಿಸ್ ಸುಮಾರು ಶೇ 15ರಷ್ಟು ಏರಿತ್ತು. ಕ್ಲಮೈಡಿಯಾ ಮಾತ್ರ ಶೇ 13ರಷ್ಟು ಇಳಿದಿತ್ತು.

ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ಈ ಇಳಿಕೆಗೇ. ಕ್ಲಮೈಡಿಯಾ ತಗಲಿದ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿಗೆ ನೋವಿಲ್ಲ, ಉರಿಯಿಲ್ಲ, ಬಿಳಿಸೆರಗಿನ ತೊಂದರೆಯೂ ಇಲ್ಲ. ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಹೋದಾಗ ಮಾಡುವ ತಪಾಸಣೆಯಲ್ಲಷ್ಟೇ ಅದು ಸಿಕ್ಕಿಬೀಳುತ್ತದೆ. 2020ರಲ್ಲಿ ಕ್ಲಿನಿಕ್‌ಗಳು ಮುಚ್ಚಿದ್ದವು. ಪ್ರಯೋಗಾಲಯದ ಯಂತ್ರಗಳು, ಸ್ವಾಬ್ ಕಡ್ಡಿಗಳು, ಸಂಪರ್ಕ ಪತ್ತೆಯ ಸಿಬ್ಬಂದಿ ಎಲ್ಲವೂ ಕೋವಿಡ್ ಕಡೆಗೆ ಹೋಗಿದ್ದವು. ಆ ಸೆಪ್ಟೆಂಬರ್‌ನಲ್ಲಿ ಸಿಡಿಸಿಯೇ ವೈದ್ಯರಿಗೆ ಪತ್ರ ಬರೆದು, ಕಿಟ್‌ಗಳ ಕೊರತೆಯಿದೆ, ಯಾರಿಗೆ ಮೊದಲು ಪರೀಕ್ಷೆ ಮಾಡಬೇಕೆಂದು ಆರಿಸಿಕೊಳ್ಳಿ ಎಂದು ತಿಳಿಸಬೇಕಾಯಿತು. ಬ್ಯಾಕ್ಟೀರಿಯಾ ದೇಹಗಳಲ್ಲೇ ಇತ್ತು, ಹುಡುಕುವ ಕಣ್ಣುಗಳು ಇರಲಿಲ್ಲ. ಚಿಕಿತ್ಸೆ ಸಿಗದ ಕ್ಲಮೈಡಿಯಾ ಮೇಲೇರಿ ಗರ್ಭನಾಳಗಳಲ್ಲಿ ಗಾಯದ ಕಲೆ ಉಳಿಸಿ ಹೋಗುತ್ತದೆ. ಆ ಹೆಣ್ಣುಮಗಳು ಐದೋ ಹತ್ತೋ ವರ್ಷಗಳ ನಂತರ ಮಕ್ಕಳಾಗಲಿಲ್ಲವೆಂದೋ, ಗರ್ಭ ನಾಳದಲ್ಲೇ ಕಟ್ಟಿತೆಂದೋ ಆಸ್ಪತ್ರೆಗೆ ಬಂದಾಗ ಅದಕ್ಕೂ 2020ಕ್ಕೂ ಸಂಬಂಧವಿದೆ ಎಂದು ಯಾರೂ ಬರೆದಿಡುವುದಿಲ್ಲ.

ಮಹಾಮಾರಿ ಲೈಂಗಿಕ ಆರೋಗ್ಯಕ್ಕೆ ಕೊಡುವ ಪೆಟ್ಟು ಹೀಗೆ ತಡವಾಗಿ, ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೋವಿಡ್ ಬಿಟ್ಟುಹೋದ ಪುರಾವೆಗಳು ಈಗ ಸಾಕಷ್ಟು ಕೈಯಲ್ಲಿವೆ. ಅವನ್ನು ಜೋಡಿಸಿ ನೋಡಿದರೆ ಮುಂದಿನ ಮಹಾಮಾರಿಯಲ್ಲಿ ಏನು ಕುಸಿಯುತ್ತದೆ, ಯಾವ ಕ್ರಮದಲ್ಲಿ ಕುಸಿಯುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದ ಕೇರಳದಲ್ಲಿ 2018ರಿಂದ ನಿಫಾ ಮತ್ತೆ ಮತ್ತೆ ತಲೆಯೆತ್ತುತ್ತಿರುವಾಗ, ಮುಂದಿನದು ಬರುವುದೇ ಇಲ್ಲ ಎಂದು ಕೂರುವ ಹಾಗಿಲ್ಲ.

ಆಸೆಗೆ ಕರ್ಫ್ಯೂ ಇಲ್ಲ

ಲಾಕ್‌ಡೌನ್‌ನಲ್ಲಿ ಜನರ ಲೈಂಗಿಕ ನಡವಳಿಕೆ ಹೇಗಿತ್ತು ಎಂದು ಕ್ರಮಬದ್ಧವಾಗಿ ಕೇಳಿದ ದೇಶಗಳಲ್ಲಿ ಬ್ರಿಟನ್ ಮುಖ್ಯವಾದದ್ದು. 2020ರ ಬೇಸಿಗೆಯಲ್ಲಿ 18ರಿಂದ 59 ವಯಸ್ಸಿನ ಆರು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ನ್ಯಾಟ್ಸಲ್-ಕೋವಿಡ್ ಸಮೀಕ್ಷೆ ನಡೆಯಿತು. ಹೊಸ ಸಂಗಾತಿಗಳ ಸಂಖ್ಯೆ ಕಡಿಮೆಯಾಗಿದ್ದು ನಿಜ. ಆದರೂ ಹಿಂದಿನ ನಾಲ್ಕು ವಾರಗಳಲ್ಲಿ ತಮ್ಮ ಮನೆಯವರಲ್ಲದ ಒಬ್ಬರೊಂದಿಗೆ ದೈಹಿಕ ಸಲುಗೆ ನಡೆದಿತ್ತೆಂದು ಹೇಳಿದವರು ಸುಮಾರು ಹತ್ತರಲ್ಲಿ ಒಬ್ಬರು. ದಂಡ, ಪೊಲೀಸ್, ಸಾವಿನ ಭಯ ಎಲ್ಲ ಸೇರಿಯೂ ಅದನ್ನು ಸೊನ್ನೆಗೆ ಇಳಿಸಲಿಲ್ಲ.

ಇದನ್ನು ಒಪ್ಪಿಕೊಂಡು ಮಾತಾಡಿದ ಆಡಳಿತಗಳು ಬೆರಳೆಣಿಕೆಯಷ್ಟು. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ನೇರವಾದ ಕೈಪಿಡಿ ಹೊರತಂದಿತು. ಯಾರೊಂದಿಗೆ ಅಪಾಯ ಕಡಿಮೆ, ಯಾವಾಗ ದೂರ ಇರಬೇಕು, ಹಸ್ತಮೈಥುನ ಎಷ್ಟು ಸುರಕ್ಷಿತ ಎಂಬುದೆಲ್ಲ ಅದರಲ್ಲಿ ಮುಚ್ಚುಮರೆಯಿಲ್ಲದೆ ಇತ್ತು. ನೆದರ್ಲೆಂಡ್ಸ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆ ಆ ಮೇ ತಿಂಗಳಲ್ಲಿ ಒಂಟಿಯಾಗಿರುವವರಿಗೆ, ಹಲವರ ಬದಲು ಒಬ್ಬರೇ ಸಂಗಾತಿಯನ್ನು ನಿಶ್ಚಯಿಸಿಕೊಂಡು, ಇಬ್ಬರೂ ಆರೋಗ್ಯವಾಗಿದ್ದಾಗ ಭೇಟಿಯಾಗಿ ಎಂದು ಸಲಹೆ ಕೊಟ್ಟಿತು. ಜಗತ್ತಿನ ಬಹುತೇಕ ಕಡೆ ಈ ವಿಷಯಕ್ಕೆ ಮೌನವೇ ಉತ್ತರವಾಗಿತ್ತು. ಮೌನ ತುಂಬಿದ ಜಾಗಕ್ಕೆ ವಾಟ್ಸ್‌ಆ್ಯಪ್ ವದಂತಿ ಬಂತು.

ವದಂತಿಗೆ ವಿಜ್ಞಾನವೂ ಒಮ್ಮೆ ಕಾರಣವಾಯಿತು. 2020ರ ಮೇನಲ್ಲಿ ಚೀನಾದ ಶಾಂಗ್‌ಚಿಯು ನಗರದ ವೈದ್ಯರು 38 ಗಂಡಸರ ವೀರ್ಯ ಪರೀಕ್ಷಿಸಿ, 6 ಮಂದಿಯಲ್ಲಿ ಕೊರೊನಾ ವೈರಸ್‌ನ ಗುರುತು ಸಿಕ್ಕಿತೆಂದು ಪ್ರಕಟಿಸಿದರು. ಕೋವಿಡ್ ಲೈಂಗಿಕ ರೋಗ ಎಂಬ ಶೀರ್ಷಿಕೆಗಳು ಹಾರಾಡಿದವು. ಬೇರೆ ತಂಡಗಳು ಪರೀಕ್ಷಿಸಿದಾಗ ಹೆಚ್ಚಿನ ಕಡೆ ವೀರ್ಯದಲ್ಲಿ ವೈರಸ್ ಸಿಗಲಿಲ್ಲ. ಅಪಾಯವಿದ್ದದ್ದು ಉಸಿರಿಗೆ ಉಸಿರು ತಾಗುವ ಸನಿಹದಲ್ಲಿ. ಹಾಗೆಂದು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಝೀಕಾ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಗಿನಿಯಲ್ಲಿ ಎಬೋಲಾದಿಂದ ಗುಣವಾದ ಒಬ್ಬರ ವೀರ್ಯದಲ್ಲಿ 500ಕ್ಕೂ ಹೆಚ್ಚು ದಿನ ವೈರಸ್ ಉಳಿದಿತ್ತು. ಅಲ್ಲಿಂದ ಸಂಗಾತಿಗೆ ದಾಟಿ 2016ರಲ್ಲಿ ರೋಗ ಮತ್ತೆ ಭುಗಿಲೆದ್ದಿತು. ಹೊಸ ವೈರಸ್ ಬಂದ ಮೊದಲ ವಾರಗಳಲ್ಲೇ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿ ಇದೂ ಇರಬೇಕು, ಉತ್ತರವನ್ನು ಜನರಿಗೆ ನಾಚಿಕೆಯಿಲ್ಲದೆ ಹೇಳಬೇಕು.

ಇನ್ನೊಂದು ನಂಬಿಕೆಯೂ ಉರುಳಿತು. ಗಂಡಹೆಂಡಿರು ಮನೆಯಲ್ಲೇ ಇದ್ದಾರೆ, ಒಂಬತ್ತು ತಿಂಗಳಿಗೆ ಹೆರಿಗೆ ವಾರ್ಡ್ ತುಂಬುತ್ತದೆ ಎಂಬ ನಗೆಚಟಾಕಿ ಎಲ್ಲ ಭಾಷೆಗಳಲ್ಲೂ ಓಡಾಡಿತು. ಇಟಲಿ, ಸ್ಪೇನ್, ಅಮೆರಿಕಗಳಲ್ಲಿ 2020ರ ಕೊನೆಗೆ ಮತ್ತು 2021ರ ಆರಂಭಕ್ಕೆ ಜನನಗಳು ಕಡಿಮೆಯಾದವು. ಕೆಲಸ ಹೋದವರು, ನಾಳೆ ಹೇಗೋ ಏನೋ ಎಂಬ ಆತಂಕದಲ್ಲಿದ್ದವರು ಮಗುವನ್ನು ಮುಂದೂಡಿದರು. ಕಾಂಡೋಮ್ ವ್ಯಾಪಾರವೂ ಏರಲಿಲ್ಲ. ಜಗತ್ತಿನ ಐದು ಕಾಂಡೋಮ್‌ಗಳಲ್ಲಿ ಒಂದನ್ನು ತಯಾರಿಸುವ ಮಲೇಷ್ಯಾದ ಕೆರೆಕ್ಸ್ ಕಂಪನಿಯ ಕಾರ್ಖಾನೆಗಳು 2020ರ ಮಾರ್ಚ್‌ನಲ್ಲಿ ಸರ್ಕಾರದ ಆದೇಶದಿಂದ ಮುಚ್ಚಿದವು. ಒಂದೇ ತಿಂಗಳಲ್ಲಿ ಸುಮಾರು 20 ಕೋಟಿ ಕಾಂಡೋಮ್ ಕಡಿಮೆ ತಯಾರಾದವು. ಕೊರತೆ ಬರುತ್ತದೆಂದು ಆಗ ಎಲ್ಲರೂ ಹೆದರಿದರು. ಎರಡು ವರ್ಷ ಕಳೆದ ಮೇಲೆ ಅದೇ ಕಂಪನಿ ತನ್ನ ಮಾರಾಟ ಶೇ 40ರವರೆಗೆ ಬಿದ್ದಿದೆ ಎಂದಿತು. ಅಗ್ಗದ ಹೋಟೆಲ್‌ಗಳು ಮುಚ್ಚಿದ್ದು ಒಂದು ಕಾರಣ. ಸರ್ಕಾರಗಳು ಕ್ಲಿನಿಕ್‌ಗಳ ಮೂಲಕ ಉಚಿತವಾಗಿ ಹಂಚುತ್ತಿದ್ದುದು ನಿಂತದ್ದು ಇನ್ನೊಂದು ಕಾರಣ. ಎರಡನೆಯದು ಹೆಚ್ಚು ಕಳವಳದ್ದು, ಏಕೆಂದರೆ ಉಚಿತ ಕಾಂಡೋಮ್ ಪಡೆಯುತ್ತಿದ್ದವರೇ ಅದರ ಅಗತ್ಯ ಹೆಚ್ಚಿದ್ದವರು.

68 ದಿನ ಮತ್ತು 63 ದಿನ

ಭಾರತದಲ್ಲಿ ಲಾಕ್‌ಡೌನ್ 2020ರ ಮಾರ್ಚ್ 25ರಿಂದ ಮೇ 31ರವರೆಗೆ ನಾಲ್ಕು ಕಂತುಗಳಲ್ಲಿ ನಡೆಯಿತು. ಒಟ್ಟು 68 ದಿನ. ಮಾತ್ರೆಯಿಂದ ಗರ್ಭಪಾತ ಮಾಡಲು ನಮ್ಮಲ್ಲಿ ಇರುವ ಮಿತಿ ಕೊನೆಯ ಮುಟ್ಟಿನಿಂದ 63 ದಿನ, ಅಂದರೆ ಒಂಬತ್ತು ವಾರ. ಮಾರ್ಚ್ 20ರ ಸುಮಾರಿಗೆ ಕೊನೆಯ ಮುಟ್ಟಾದ ಹೆಣ್ಣೊಬ್ಬಳ ಲೆಕ್ಕ ಹಾಕಿ. ಮುಟ್ಟು ನಿಂತಿತೆಂದು ಅವಳಿಗೆ ಗೊತ್ತಾಗುವುದು ಏಪ್ರಿಲ್ ಕೊನೆಗೆ. ಬಸ್ಸಿಲ್ಲ. ಊರಿನ ಆಶಾ ಕಾರ್ಯಕರ್ತೆ ಮನೆಮನೆಯ ಕೋವಿಡ್ ಸಮೀಕ್ಷೆಯಲ್ಲಿದ್ದಾಳೆ. ತಾಲ್ಲೂಕು ಆಸ್ಪತ್ರೆಗೆ ಹೋಗಲು ಪೊಲೀಸರಿಗೆ ಕಾರಣ ಹೇಳಬೇಕು, ಅದಕ್ಕೆ ಮೊದಲು ಮನೆಯಲ್ಲಿ ಹೇಳಬೇಕು. ಲಾಕ್‌ಡೌನ್ ತೆರೆಯುವ ಹೊತ್ತಿಗೆ ಮಾತ್ರೆಯ ಅವಧಿ ಮೀರಿರುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲೇ ಗರ್ಭಪಾತವನ್ನು ಅಗತ್ಯ ಸೇವೆಯೆಂದು ಹೇಳಿತ್ತು. ಕಾಗದದ ಮೇಲಿನ ಆ ಸಾಲು ಆಕೆಯ ಊರಿನವರೆಗೆ ಬಸ್ಸು ಓಡಿಸಲಿಲ್ಲ.

ಸುರಕ್ಷಿತ ಗರ್ಭಪಾತಕ್ಕಾಗಿ ಕೆಲಸ ಮಾಡುವ ಐಪಾಸ್ ಡೆವಲಪ್‌ಮೆಂಟ್ ಫೌಂಡೇಶನ್ ಹಾಕಿದ ಅಂದಾಜಿನಂತೆ, ಲಾಕ್‌ಡೌನ್ ಶುರುವಾದ ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ನಡೆಯಬೇಕಿದ್ದ 39 ಲಕ್ಷ ಗರ್ಭಪಾತಗಳಲ್ಲಿ 18.5 ಲಕ್ಷಕ್ಕೆ ಅಡ್ಡಿಯಾಯಿತು. ಕೆಲವು ತಡವಾದವು, ಕೆಲವು ಆಗಲೇ ಇಲ್ಲ. ಅಡ್ಡಿಯಾದದ್ದು ಹೆಚ್ಚಾಗಿ ಮೆಡಿಕಲ್ ಶಾಪ್‌ಗಳಲ್ಲಿ ಮಾತ್ರೆ ಸಿಗದೆ. ಇದರಲ್ಲಿ ಅಚ್ಚರಿಯಿಲ್ಲ. ಅಧ್ಯಯನವೊಂದರ ಪ್ರಕಾರ 2015ರಲ್ಲಿ ಭಾರತದಲ್ಲಿ ನಡೆದ ಸುಮಾರು 1.56 ಕೋಟಿ ಗರ್ಭಪಾತಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆಗಿದ್ದವು. ಮಾತ್ರೆ ಸರಬರಾಜು ಕಡಿದರೆ ಈ ವ್ಯವಸ್ಥೆಯ ಮುಕ್ಕಾಲು ಪಾಲು ನಿಂತಂತೆ.

ಗರ್ಭನಿರೋಧಕಗಳ ವಿಷಯದಲ್ಲಿ ಕರ್ನಾಟಕಕ್ಕೆ ಅದರದೇ ಆದ ದೌರ್ಬಲ್ಯವಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಕಾಂಡೋಮ್ ಬಳಸುವ ದಂಪತಿ ಶೇ 4ರ ಆಸುಪಾಸು. ಇಡೀ ದೇಶದಲ್ಲಿ ಈ ಪ್ರಮಾಣ ಕ್ರಮವಾಗಿ ಸುಮಾರು 38 ಮತ್ತು 9.5. ಎರಡು ಮಕ್ಕಳಾದ ಮೇಲೆ 'ಆಪರೇಷನ್' ಎಂಬುದು ನಮ್ಮ ಹಳ್ಳಿಗಳಲ್ಲಿ ಮಾತಿಲ್ಲದೆ ನಡೆಯುವ ಪದ್ಧತಿ. 2020ರ ಏಪ್ರಿಲ್‌ನಲ್ಲಿ ಸರ್ಕಾರ ಈ ಶಸ್ತ್ರಚಿಕಿತ್ಸೆಯನ್ನೂ ಕಾಪರ್-ಟಿ ಹಾಕುವುದನ್ನೂ ತಾತ್ಕಾಲಿಕವಾಗಿ ನಿಲ್ಲಿಸಿತು. ಆಪರೇಷನ್ ಆಗಿದ್ದವರಿಗೆ ತೊಂದರೆಯಿಲ್ಲ. ಎರಡನೇ ಬಾಣಂತನ ಮುಗಿಸಿ ಆಪರೇಷನ್‌ಗೆ ಕಾಯುತ್ತಿದ್ದವರು ಮಾತ್ರ ಬರಿಗೈಯಲ್ಲಿ ಉಳಿದರು. ಮಾತ್ರೆ ನುಂಗಿ, ಕಾಂಡೋಮ್ ಬಳಸಿ, 'ಅಂತರ' ಎಂಬ ಗರ್ಭನಿರೋಧಕ ಚುಚ್ಚುಮದ್ದು ತೆಗೆದುಕೊಂಡು ರೂಢಿಯಿದ್ದ ಮನೆ ಮೂರು ತಿಂಗಳ ದಾಸ್ತಾನು ಇಟ್ಟುಕೊಳ್ಳಬಹುದಿತ್ತು. ಎಲ್ಲವನ್ನೂ ಆಪರೇಷನ್ ಥಿಯೇಟರ್‌ಗೆ ಒಪ್ಪಿಸಿದ ರಾಜ್ಯಕ್ಕೆ ಆ ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲು ಇರಲಿಲ್ಲ.

ಇಲ್ಲಿ ಅಂದಾಜುಗಳ ಬಗ್ಗೆ ಒಂದು ಮಾತು ಹೇಳಬೇಕು. 2020ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ, ಲಾಕ್‌ಡೌನ್ ಆರು ತಿಂಗಳು ಮುಂದುವರಿದರೆ ಕಡಿಮೆ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ 70 ಲಕ್ಷ ಬೇಡದ ಗರ್ಭಗಳಾಗಬಹುದೆಂದು ಹೇಳಿತ್ತು. ವರ್ಷದ ನಂತರ ಅದೇ ಸಂಸ್ಥೆ ಆ ಸಂಖ್ಯೆಯನ್ನು 14 ಲಕ್ಷಕ್ಕೆ ಇಳಿಸಿತು. ಸೇವೆ ತಪ್ಪಿದ ಅವಧಿ ಸರಾಸರಿ 3.6 ತಿಂಗಳಷ್ಟೇ ಆಗಿತ್ತು. ಹೆದರಿಸಲು ಉತ್ಪ್ರೇಕ್ಷೆ ಮಾಡಿದರು ಎಂದು ಇದನ್ನು ಓದುವುದು ತಪ್ಪು. ಹಾನಿಯ ಗಾತ್ರ ವೈರಸ್‌ಗಿಂತ ಹೆಚ್ಚಾಗಿ ಸೇವೆ ಎಷ್ಟು ದಿನ ನಿಂತಿತು ಎಂಬುದನ್ನು ಅವಲಂಬಿಸಿದೆ ಎಂಬುದೇ ಇದರ ಪಾಠ. ಆ ದಿನಗಳನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ.

ಮುಚ್ಚಿದ ಬಾಗಿಲ ಹಿಂದೆ

ಅದೇ 68 ದಿನಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ಹಿಂಸೆಯ 1,477 ದೂರುಗಳು ಬಂದವು. ಹಿಂದಿನ ಹತ್ತು ವರ್ಷಗಳಲ್ಲಿ ಯಾವ ವರ್ಷದ ಮಾರ್ಚ್–ಮೇ ಅವಧಿಯಲ್ಲೂ ಇಷ್ಟು ಬಂದಿರಲಿಲ್ಲ. ಗಂಡ ದಿನವಿಡೀ ಮನೆಯಲ್ಲಿರುವಾಗ, ಫೋನ್ ಅವನ ಕೈಯಲ್ಲಿರುವಾಗ ಬಂದ ದೂರುಗಳಿವು. ಬಾರದೆ ಉಳಿದವು ಎಷ್ಟೋ.

ಇದು ಪೊಲೀಸ್ ವಿಷಯ, ಆರೋಗ್ಯದ್ದಲ್ಲ ಎಂದು ಬೇರೆ ಮಾಡುವಂತಿಲ್ಲ. ಬೇಡವೆಂದಾಗ ಬೇಡ ಎನ್ನಲಾಗದ ಹೆಣ್ಣು ಕಾಂಡೋಮ್ ಬಳಸು ಎಂದೂ ಹೇಳಲಾರಳು, ಸೋಂಕಿದೆ ಪರೀಕ್ಷೆ ಮಾಡಿಸಿಕೋ ಎಂದೂ ಹೇಳಲಾರಳು. ಅದೇ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ 44. ದೇಶದಲ್ಲೇ ಅತಿ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 21ರಷ್ಟಿತ್ತು. ಮುಂದಿನ ಲಾಕ್‌ಡೌನ್ ಘೋಷಿಸುವವರು 'ಮನೆಯೇ ಸುರಕ್ಷಿತ' ಎಂಬ ವಾಕ್ಯ ಬರೆಯುವ ಮುನ್ನ ಈ ಅಂಕಿಯನ್ನು ಒಮ್ಮೆ ನೋಡಬೇಕು.

ಬೂದು ಬಣ್ಣದ ಕಿಟ್

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕಿನ ಔಷಧಗಳನ್ನು ಬಣ್ಣದ ಕಿಟ್‌ಗಳಲ್ಲಿ ಕೊಡುವ ಪದ್ಧತಿಯನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ರೂಪಿಸಿದೆ. ಪ್ರಯೋಗಾಲಯದ ವರದಿಗೆ ಕಾಯದೆ, ರೋಗಿ ಹೇಳುವ ಲಕ್ಷಣ ನೋಡಿ ಅಲ್ಲೇ ಚಿಕಿತ್ಸೆ ಕೊಡುವುದು ಇದರ ತಂತ್ರ. ಮೂತ್ರದ್ವಾರದಿಂದ ಕೀವು ಸೋರುತ್ತಿದೆ ಎಂದು ಬಂದ ಗಂಡಸಿಗೆ ಸಿಗುವುದು ಬೂದು ಬಣ್ಣದ ಮೊದಲನೇ ಕಿಟ್. ಒಳಗೆ ಒಂದು ಗ್ರಾಂ ಅಜಿತ್ರೋಮೈಸಿನ್, 400 ಮಿಲಿಗ್ರಾಂ ಸೆಫಿಕ್ಸಿಮ್. ಕೌಂಟರ್ ಮುಂದೆಯೇ ನುಂಗಿಸಿ ಕಳಿಸಿದರೆ ಗೊನೋರಿಯಾ ಮತ್ತು ಕ್ಲಮೈಡಿಯಾ ಎರಡಕ್ಕೂ ಒಂದೇ ಸಲಕ್ಕೆ ಪೆಟ್ಟು.

ಕೋವಿಡ್ ಕಾಲದಲ್ಲಿ ಮನೆಮನೆಗಳ ಡಬ್ಬಿಯಲ್ಲಿ ಇದ್ದ ಮಾತ್ರೆಯೂ ಇದೇ ಅಜಿತ್ರೋಮೈಸಿನ್. ಕೆಮ್ಮು ಬಂದರೆ ಅದು, ಜ್ವರ ಬಂದರೆ ಅದು, ಪಕ್ಕದ ಮನೆಯವರಿಗೆ ಪಾಸಿಟಿವ್ ಬಂದರೂ ಅದು. 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಭಾರತದಲ್ಲಿ ಕೋವಿಡ್ ಕಾರಣಕ್ಕೆ ಹೆಚ್ಚುವರಿಯಾಗಿ ಮಾರಾಟವಾದ ಆ್ಯಂಟಿಬಯಾಟಿಕ್ 21.6 ಕೋಟಿ ಡೋಸ್, ಅದರಲ್ಲಿ ಅಜಿತ್ರೋಮೈಸಿನ್ ಒಂದೇ 3.8 ಕೋಟಿ ಡೋಸ್ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಕೋವಿಡ್‌ಗೆ ಈ ಔಷಧದಿಂದ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪ್ರಯೋಗಗಳು 2021ರ ಆರಂಭದಲ್ಲೇ ತೋರಿಸಿಕೊಟ್ಟವು. ಅಷ್ಟರಲ್ಲಿ ಮಾತ್ರೆಗಳು ಹೊಟ್ಟೆ ಸೇರಿದ್ದವು.

ಕೆಮ್ಮಿಗೆ ನುಂಗಿದ ಮಾತ್ರೆ ಗೊನೋರಿಯಾವನ್ನು ಹೇಗೆ ಗಟ್ಟಿಮಾಡುತ್ತದೆ? ನಮ್ಮ ಗಂಟಲಿನಲ್ಲಿ ಯಾವ ಹಾನಿಯನ್ನೂ ಮಾಡದ ನೈಸೀರಿಯಾ ಜಾತಿಯ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಗೊನೋರಿಯಾ ತರುವ ಬ್ಯಾಕ್ಟೀರಿಯಾ ಇವುಗಳ ದಾಯಾದಿ. ಆ್ಯಂಟಿಬಯಾಟಿಕ್ ಸುರಿದಾಗಲೆಲ್ಲ ಗಂಟಲಿನಲ್ಲಿ ಬದುಕುಳಿಯುವುದು ಔಷಧಕ್ಕೆ ಜಗ್ಗದ ತಳಿಗಳು. ಮುಖಮೈಥುನದ ಮೂಲಕ ಗೊನೋರಿಯಾ ಗಂಟಲಿಗೆ ಬಂದರೆ, ಲಕ್ಷಣವೇ ತೋರದೆ ಅಲ್ಲಿ ಕೂತು, ಈ ದಾಯಾದಿಗಳ ಡಿಎನ್‌ಎ ತುಣುಕುಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಔಷಧ ನಿರೋಧಕ ಶಕ್ತಿ ಹೀಗೆ ಸಿದ್ಧವಸ್ತುವಾಗಿ ಸಿಗುತ್ತದೆ. ಅಮೆರಿಕ 2020ರ ಡಿಸೆಂಬರ್‌ನಲ್ಲಿ ಗೊನೋರಿಯಾ ಚಿಕಿತ್ಸೆಯಿಂದ ಅಜಿತ್ರೋಮೈಸಿನ್ ಕೈಬಿಟ್ಟು, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದೊಂದನ್ನೇ ಉಳಿಸಿಕೊಂಡಿತು. ಈಗ ಅದಕ್ಕೂ ಕುತ್ತು ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 12 ದೇಶಗಳಲ್ಲಿ ನಡೆಸಿದ ಕಣ್ಗಾವಲಿನಲ್ಲಿ, 2022 ಮತ್ತು 2024ರ ನಡುವೆ ಸೆಫ್ಟ್ರಿಯಾಕ್ಸೋನ್ ನಿರೋಧಕತೆ ಶೇ 0.8ರಿಂದ 5ಕ್ಕೆ, ನಮ್ಮ ಬೂದು ಕಿಟ್‌ನಲ್ಲಿರುವ ಸೆಫಿಕ್ಸಿಮ್‌ಗೆ ನಿರೋಧಕತೆ ಶೇ 1.7ರಿಂದ 11ಕ್ಕೆ ಏರಿದೆ. ಇಂಗ್ಲೆಂಡ್‌ನಲ್ಲಿ 2023ರಲ್ಲಿ 85 ಸಾವಿರಕ್ಕೂ ಹೆಚ್ಚು ಗೊನೋರಿಯಾ ಪ್ರಕರಣಗಳು ದಾಖಲಾದವು, 1918ರಲ್ಲಿ ಲೆಕ್ಕ ಇಡಲು ಶುರುಮಾಡಿದಾಗಿನಿಂದ ಅದೇ ಅತಿ ಹೆಚ್ಚು. ರೋಗ ಹೆಚ್ಚುತ್ತಿರುವಾಗಲೇ ಔಷಧಗಳು ಒಂದೊಂದಾಗಿ ಕೈಕೊಡುತ್ತಿವೆ. ಮುಂದಿನ ಮಹಾಮಾರಿಯಲ್ಲೂ ಸಿಕ್ಕ ಸಿಕ್ಕ ಆ್ಯಂಟಿಬಯಾಟಿಕ್ ನುಂಗಿದರೆ ಗೊನೋರಿಯಾಕ್ಕೆ ಕೊಡಲು ಏನು ಉಳಿಯುತ್ತದೆ ಎಂಬುದು ಊಹೆಯ ಪ್ರಶ್ನೆಯಾಗಿ ಉಳಿದಿಲ್ಲ.

ಹುಟ್ಟುವ ಮುನ್ನವೇ

ಸಿಫಿಲಿಸ್ ಇನ್ನೂ ಕಪಟಿ. ಮೊದಲು ನೋವಿಲ್ಲದ ಒಂದು ಹುಣ್ಣು. ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಗುಣವಾಯಿತೆಂದು ಸಮಾಧಾನಪಟ್ಟವರ ದೇಹದಲ್ಲಿ ಅದು ವರ್ಷಗಟ್ಟಲೆ ಅಡಗಿರುತ್ತದೆ. ಗರ್ಭಿಣಿಯಲ್ಲಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ಮೂಳೆ, ಕಣ್ಣು, ಕಿವಿ, ಮೆದುಳಿಗೆ ಹಾನಿಯೊಂದಿಗೆ ಹುಟ್ಟಬಹುದು. ಆರಂಭದ ಹಂತದಲ್ಲಿ ಪತ್ತೆಯಾದರೆ 24 ಲಕ್ಷ ಯೂನಿಟ್‌ನ ಒಂದೇ ಬೆಂಜತೀನ್ ಪೆನಿಸಿಲಿನ್ ಚುಚ್ಚುಮದ್ದು ಸಾಕು.

ಇಷ್ಟು ಸುಲಭದ ರೋಗಕ್ಕೆ ಏನಾಯಿತು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ವಯಸ್ಕರಲ್ಲಿ ಹೊಸ ಸಿಫಿಲಿಸ್ ಸೋಂಕು 2020ರಲ್ಲಿ 71 ಲಕ್ಷವಿದ್ದದ್ದು 2022ರಲ್ಲಿ 80 ಲಕ್ಷವಾಯಿತು. ಜಪಾನಿನಲ್ಲಿ 2022ರಲ್ಲಿ ಪ್ರಕರಣಗಳು 10 ಸಾವಿರ ದಾಟಿದವು. ಅಮೆರಿಕದಲ್ಲಿ 2012ರಲ್ಲಿ 335 ಶಿಶುಗಳಿಗೆ ಜನ್ಮಜಾತ ಸಿಫಿಲಿಸ್ ಇತ್ತು, 2022ರಲ್ಲಿ 3,700ಕ್ಕೂ ಹೆಚ್ಚು. ಸಕಾಲಕ್ಕೆ ಪರೀಕ್ಷೆ, ಚಿಕಿತ್ಸೆ ನಡೆದಿದ್ದರೆ ಅವುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ತಪ್ಪಿಸಬಹುದಿತ್ತೆಂದು ಸಿಡಿಸಿ ಹೇಳಿತು. ಈ ಏರಿಕೆ ಮಹಾಮಾರಿಗೆ ಮೊದಲೇ ಶುರುವಾಗಿತ್ತು. ಗರ್ಭಿಣಿಯರ ತಪಾಸಣೆ ತಪ್ಪಿದ ವರ್ಷಗಳು ಅದಕ್ಕೆ ಗಾಳಿ ಹಾಕಿದವು. ಮರುವರ್ಷ, 2023ರಲ್ಲಿ, ಅಲ್ಲಿ ಪೆನಿಸಿಲಿನ್ ಚುಚ್ಚುಮದ್ದಿಗೇ ಬರ ಬಂತು. ಅಗ್ಗದ ಹಳೆಯ ಔಷಧವಾದ್ದರಿಂದ ಇದರಲ್ಲಿ ಲಾಭವಿಲ್ಲ, ಮೂಲದ್ರವ್ಯ ತಯಾರಿಸುವ ಕಾರ್ಖಾನೆಗಳು ಇಡೀ ಜಗತ್ತಿಗೆ ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ಚೀನಾದಲ್ಲಿ. ಸರಕು ಹಡಗುಗಳು ನಿಂತ ತಿಂಗಳಲ್ಲಿ ಇದರ ಗತಿಯೇನೆಂದು ಯೋಚಿಸಬೇಕು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಪೆನಿಸಿಲಿನ್‌ಗೆ ರಿಯಾಕ್ಷನ್ ಆದೀತೆಂಬ ಅಂಜಿಕೆಯಿಂದ ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಚುಚ್ಚದೆ ಗರ್ಭಿಣಿಗೆ ಚೀಟಿ ಬರೆದುಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸುತ್ತವೆ. ದಾರಿ ಮುಚ್ಚಿದ ದಿನ ಆ ಚೀಟಿ ಹಿಡಿದು ಆಕೆ ಎಲ್ಲಿಗೆ ಹೋಗಬೇಕು?

ಉಳಿಸಿದ್ದು ಯಾವುದು

ಕೋವಿಡ್ ಕಾಲದ ಎಲ್ಲ ಕತೆಗಳೂ ಸೋಲಿನವಲ್ಲ. 2020ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುಎನ್‌ಏಡ್ಸ್, ಆರು ತಿಂಗಳು ಎಚ್‌ಐವಿ ಔಷಧ ನಿಂತರೆ ಸಹಾರಾ ದಕ್ಷಿಣದ ಆಫ್ರಿಕಾದಲ್ಲಿ 5 ಲಕ್ಷ ಹೆಚ್ಚುವರಿ ಸಾವಾಗಬಹುದೆಂದು ಎಚ್ಚರಿಸಿದವು. ಅಷ್ಟು ಸಾವಾಗಲಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು ಮಾತ್ರೆ ಒಯ್ಯಬೇಕೆಂಬ ನಿಯಮ ಸಡಿಲಿಸಿ, ಹಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟದ್ದು ಅದಕ್ಕೆ ಮುಖ್ಯ ಕಾರಣ. ಭಾರತದಲ್ಲೂ ನ್ಯಾಕೋ ಇದೇ ದಾರಿ ಹಿಡಿಯಿತು; ಊರು ಬಿಟ್ಟು ಊರಲ್ಲಿ ಸಿಕ್ಕಿಕೊಂಡವರು ಎಚ್‌ಐವಿ ಔಷಧ ಕೊಡುವ ಹತ್ತಿರದ ಯಾವುದೇ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಪಡೆಯಲು ಅವಕಾಶ ಕೊಟ್ಟಿತು. ಎಚ್‌ಐವಿಯೊಂದಿಗೆ ಬದುಕುತ್ತಿರುವ ದೇಶದ ಸುಮಾರು 25 ಲಕ್ಷ ಮಂದಿಯಲ್ಲಿ ಮಹಾರಾಷ್ಟ್ರ ಮತ್ತು ಆಂಧ್ರದ ನಂತರ ಹೆಚ್ಚಿನವರು ಇರುವುದು ಕರ್ನಾಟಕದಲ್ಲಿ.

ಮೈಸೂರಿನ ಆಶೋದಯ ಸಮಿತಿಯನ್ನು ಇಲ್ಲಿ ಹೆಸರಿಸಲೇಬೇಕು. ಲೈಂಗಿಕ ವೃತ್ತಿಯವರೇ ನಡೆಸುವ ಈ ಸಂಘಟನೆಯ ಕೆಲಸಕ್ಕೆ ಹಳೆಯ ಪುರಾವೆಯಿದೆ. 2004 ಮತ್ತು 2006ರ ನಡುವೆ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿದದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಲಾಕ್‌ಡೌನ್‌ನಲ್ಲಿ ಅದೇ ಜಾಲ ಎಚ್‌ಐವಿ ಮಾತ್ರೆಗಳನ್ನು ಸದಸ್ಯರಿಗೆ ಗುಟ್ಟಾಗಿ ತಲುಪಿಸಿತು. ಮನೆಯಲ್ಲಿ ತಿಳಿಸದೆ ಮಾತ್ರೆ ತೆಗೆದುಕೊಳ್ಳುವವರ ಮನೆ ಬಾಗಿಲಿಗೆ ಸರ್ಕಾರಿ ವಾಹನ ಹೋಗಿ ನಿಲ್ಲುವಂತಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಲೈಂಗಿಕ ವೃತ್ತಿಯವರಿಗೆ ಗುರುತಿನ ಚೀಟಿ ಕೇಳದೆ ಪಡಿತರ ಕೊಡಿ ಎಂದು ರಾಜ್ಯಗಳಿಗೆ ಹೇಳಲು ಮಾತ್ರ 2020ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟೇ ಬರಬೇಕಾಯಿತು. ಹಸಿದ ಹೆಣ್ಣು ಕಾಂಡೋಮ್ ಬೇಡವೆನ್ನುವ ಗಿರಾಕಿಯನ್ನು ತಿರುಗಿಸಿ ಕಳಿಸಲಾರಳು. ಆರು ತಿಂಗಳ ವಿಳಂಬದ ಆರೋಗ್ಯ ವೆಚ್ಚ ಅಷ್ಟರಲ್ಲೇ ಇದೆ.

ಸಮುದಾಯದ ಒಳಗಿನವರ ಮಾತೇ ಕೆಲಸ ಮಾಡುತ್ತದೆ ಎಂಬುದನ್ನು ಎಂಪಾಕ್ಸ್ (ಮಂಕಿಪಾಕ್ಸ್) ಕೂಡ ಕಲಿಸಿತು. 2022ರಲ್ಲಿ ಅದು ಹೆಚ್ಚಾಗಿ ಸಲಿಂಗಿ ಪುರುಷರ ಲೈಂಗಿಕ ಸಂಪರ್ಕದ ಜಾಲಗಳಲ್ಲಿ ಜಗತ್ತು ಸುತ್ತಿತು. ಅಮೆರಿಕದಲ್ಲಿ ಆ ಆಗಸ್ಟ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ ಈ ಪುರುಷರಲ್ಲಿ ಅರ್ಧದಷ್ಟು ಮಂದಿ ತಾವೇ ಸಂಗಾತಿಗಳನ್ನು ಕಡಿಮೆ ಮಾಡಿಕೊಂಡಿದ್ದೇವೆ ಎಂದರು. ತಮ್ಮವರೇ, ತಮ್ಮ ಮಾತಿನಲ್ಲಿ, ಬೈಯದೆ ಹೇಳಿದ್ದನ್ನು ಅವರು ಕೇಳಿದರು. 2024ರ ಆಗಸ್ಟ್‌ನಲ್ಲಿ ಎರಡನೇ ಬಾರಿ ಜಾಗತಿಕ ತುರ್ತುಸ್ಥಿತಿ ಘೋಷಣೆಯಾಯಿತು. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದ ಪ್ರಯಾಣಿಕರೊಬ್ಬರಲ್ಲಿ ರೋಗ ದೃಢಪಟ್ಟಿತು. ವಿಮಾನ ನಿಲ್ದಾಣದಲ್ಲಿ ಜ್ವರ ನೋಡುವ ಯಂತ್ರ ಸಾಲದು. ಗುಳ್ಳೆ ಎಲ್ಲಿದೆ ಎಂದು ಹೇಳಲು ರೋಗಿಗೆ ನಾಚಿಕೆಯಾಗದಂಥ ವೈದ್ಯರೂ ಬೇಕು.

ಈಗಲೇ ಆಗಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2020ರ ಮಧ್ಯದಲ್ಲಿ ನೂರಕ್ಕೂ ಹೆಚ್ಚು ದೇಶಗಳನ್ನು ಕೇಳಿದಾಗ, ಶೇ 68ರಷ್ಟು ದೇಶಗಳು ಕುಟುಂಬ ಯೋಜನಾ ಸೇವೆಗೆ ಅಡ್ಡಿಯಾಗಿದೆ ಎಂದಿದ್ದವು. ಹೀಗಾಗಿ ಕೆಲಸ ಹೊಸ ಔಷಧ ಕಂಡುಹಿಡಿಯುವುದರಿಂದ ಶುರುವಾಗಬೇಕಿಲ್ಲ, ಸೇವೆ ನಿಲ್ಲದಂತೆ ಮೊದಲೇ ಕಟ್ಟಿಡುವುದರಿಂದ ಶುರುವಾಗಬೇಕು. ರಾಜ್ಯದ ಸಾಂಕ್ರಾಮಿಕ ತುರ್ತು ಯೋಜನೆಯಲ್ಲಿ ಗರ್ಭನಿರೋಧಕ, ಗರ್ಭಪಾತ, ಗರ್ಭಿಣಿಯರ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ, ಎಆರ್‌ಟಿ ಇವು ನಾಲ್ಕೂ ಯಾವ ಹಂತದಲ್ಲೂ ಮುಚ್ಚುವಂತಿಲ್ಲ ಎಂದು ಬರೆಯಬೇಕು. ಅದರ ಜೊತೆಗೆ ರೋಗಿಯನ್ನು ಕರೆತರುವ ವಾಹನ ಯಾವುದು, ಹೊಣೆ ಯಾರದು ಎಂದೂ ಬರೆಯಬೇಕು. ಪೆನಿಸಿಲಿನ್, ಗರ್ಭಪಾತದ ಮಾತ್ರೆ, ಕಾಂಡೋಮ್ ಇವುಗಳ ಮೂರು ತಿಂಗಳ ದಾಸ್ತಾನು ಪ್ರತಿ ತಾಲ್ಲೂಕಿನಲ್ಲಿ ಇರಬೇಕು. ಆಪರೇಷನ್ ಒಂದನ್ನೇ ನಂಬಿದ ರಾಜ್ಯ ಮಾತ್ರೆ, ಚುಚ್ಚುಮದ್ದು, ಕಾಂಡೋಮ್‌ಗಳ ರೂಢಿಯನ್ನು ಸಾಮಾನ್ಯ ಕಾಲದಲ್ಲೇ ಬೆಳೆಸಬೇಕು. ತುರ್ತಿನಲ್ಲಿ ಹೊಸ ರೂಢಿ ಹುಟ್ಟುವುದಿಲ್ಲ. ಲೈಂಗಿಕ ಸೋಂಕಿನ ವರದಿಯ ಪಕ್ಕದ ಕಾಲಮ್ಮಿನಲ್ಲಿ ಪ್ರತಿ ತಿಂಗಳೂ ಮಾಡಿದ ಪರೀಕ್ಷೆಗಳ ಸಂಖ್ಯೆಯನ್ನು ಪ್ರಕಟಿಸಬೇಕು.

ಓದುಗರ ಕೈಯಲ್ಲೂ ಕೆಲವು ಕೆಲಸಗಳಿವೆ. ಮನೆಯಲ್ಲಿ ಗರ್ಭಿಣಿಯಿದ್ದರೆ ಅವಳ ತಾಯಿ ಕಾರ್ಡ್ ತೆರೆದು ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಯ ಫಲಿತಾಂಶ ಬರೆದಿದೆಯೇ ಎಂದು ನೋಡಿ. ಆ ಜಾಗ ಖಾಲಿಯಿದ್ದರೆ ಮುಂದಿನ ಭೇಟಿಗೆ ಕಾಯದೆ ಪರೀಕ್ಷೆ ಮಾಡಿಸಿ, ಜೊತೆಗೆ ಗಂಡನದ್ದೂ ಆಗಲಿ. ನೆಗಡಿ, ಕೆಮ್ಮಿಗೆ ವೈದ್ಯರು ಬರೆಯದ ಅಜಿತ್ರೋಮೈಸಿನ್ ಕೊಳ್ಳಬೇಡಿ. ಉರಿಮೂತ್ರ, ಹುಣ್ಣು, ಸೋರಿಕೆ ಕಂಡರೆ ಮೆಡಿಕಲ್ ಶಾಪ್‌ನವನ ಸಲಹೆಗೆ ನಿಲ್ಲದೆ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ಅಲ್ಲಿ ಚಿಕಿತ್ಸೆ ಉಚಿತ. ಸಂಗಾತಿಗೂ ಚಿಕಿತ್ಸೆ ಕೊಡಿಸದಿದ್ದರೆ ವಾಸಿಯಾದ ಸೋಂಕು ಮತ್ತೆ ನಿಮ್ಮಲ್ಲಿಗೇ ಮರಳುತ್ತದೆ. ಇವು ಯಾವುದಕ್ಕೂ ಮಹಾಮಾರಿ ಬರುವವರೆಗೆ ಕಾಯಬೇಕಿಲ್ಲ.